ಮೀನದಾಕಿಯ ಬೆರಳಿನ ಬಟ್ಟೆ

ಬೆಳಗಿನ ಆರು ಗಂಟೆಗೆ ಬಸ್ ಕಂಡಕ್ಟರನೊಬ್ಬ ನಿಮ್ಮ ಮನೆ ಬಾಗಿಲು ಬಡಿದರೆ ನೀವೇನು ತಿಳಿಯುತ್ತೀರಿ? ನಾನಂತೂ ಶನಿವಾರ ಬಸ್ಸಿನಲ್ಲಿ ಟಿಫಿನ್ ಡಬ್ಬಿ ಬಿಟ್ಟು ಬಂದಿದ್ದೇನೆ ಎಂದುಕೊಂಡೆ. (ಬಿಟ್ಟು ಬರುವ ಚಟ ನನಗಿದೆ. ಒಮ್ಮೆ ಉತ್ತರಪತ್ರಿಕೆಗಳ ಕಟ್ಟನ್ನೇ ಬಿಟ್ಟು ಇಳಿದಿದ್ದೆ. ವಿದ್ಯಾರ್ಥಿಗಳು ಇವತ್ತಿಗೂ ಅದನ್ನು ನೆನೆಸಿಕೊಂಡು ಖುಷಿಪಡುತ್ತಾರೆ.)

ಬಂದವನು ಮಾಂತೇಶ. ನಮ್ಮ ಮನೆಗೆ ಸಂಜೆ ರೊಟ್ಟಿ ಬಡಿಯಲು ಬರುವ ನೀಲವ್ವನ ಮಗ. ಇಸ್ತ್ರಿ ಮಾಡಿದ ಖಾಕಿ, ಹೆಗಲಲ್ಲಿ ಟಿಕೆಟ್ ಚೀಲ, ಕೊರಳಲ್ಲಿ ಸೀಟಿ. ಮುಖ ಮಾತ್ರ ಗಂಟು.

"ಅಕ್ಕಾರ, ನಮ್ಮವ್ವಗ ಏನ ಓದಿ ಹೇಳಿದ್ರಿ ನೀವು?"

"ಯಾಕೋ, ಏನಾತು?"

"ನಸಿಕಿನ್ಯಾಗ ಎದ್ದು ಕುಸುಬಿ ಕೊಯ್ಯಾಕ ಹೋಗ್ಯಾಳ. ಬ್ಯಾಡ ಅಂದ್ರ, ಮೀನದಾಕಿ ಹೋಗಲಿಲ್ಲೇನು, ನಾನೂ ಹೋಕ್ಕೇನಿ ಅಂತಾಳ. ಯಾರ್ರಿ ಆಕಿ ಮೀನದಾಕಿ? ಎಲ್ಲಿರ್ತಾಳ?"

ಏನು ಹೇಳಲಿ? ಮೀನದಾಕಿ ಇರುವುದು ನಾರ್ವೆಯಲ್ಲಿ. ಅದೂ ಪುಸ್ತಕದೊಳಗೆ. ಫಸ್ಟ್ ಟ್ರಿಪ್ ನೇಸರಗಿ ಬಸ್ಸಿಗೆ ಹೊರಟು ನಿಂತ ಹುಡುಗನಿಗೆ ಇದನ್ನು ಹೇಗೆ ತಿಳಿಸುವುದು? "ಸಂಜಿಗೆ ಬಾ, ಹೇಳ್ತೇನಿ" ಎಂದು ಸಾಗಹಾಕಿದೆ. ನಿಮಗೆ ಮಾತ್ರ ಮೊದಲಿನಿಂದ ಹೇಳುತ್ತೇನೆ.

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು, ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಹೋದ ಮಳೆಗಾಲದಲ್ಲಿ ಧಾರವಾಡದಲ್ಲಿರುವ ನನ್ನ ಹಳೆಯ ಮೇಷ್ಟ್ರು ಒಂದು ಪುಸ್ತಕ ಕೊಟ್ಟರು. ಬೇರೆ ಬೇರೆ ದೇಶದ ಕಾದಂಬರಿಗಳನ್ನು ಕನ್ನಡಕ್ಕೆ ತರಿಸುವ ಉಮೇದು ಅವರಿಗೆ. ನನ್ನ ಪಾಲಿಗೆ ಬಂದದ್ದು ನಾರ್ವೆ. ಹೆಂಗಸೊಬ್ಬಳು ಬರೆದ ಕಾದಂಬರಿ, ಇಂಗ್ಲಿಷಿಗೆ ಬಂದಿತ್ತು. (ಲೇಖಕಿಯ ಹೆಸರು ಹೇಳುವ ಧೈರ್ಯ ನನಗಿಲ್ಲ. ಅದನ್ನು ಉಚ್ಚರಿಸಲು ಹೋಗಿ ಎರಡು ಸಲ ನಾಲಿಗೆ ಕಚ್ಚಿಕೊಂಡಿದ್ದೇನೆ.)

ಕಥೆ ಸರಳ. ಸಮುದ್ರದ ದಂಡೆಯ ಒಂದು ಊರು. ದೋಣಿಗಳು ಮೀನು ತಂದು ಸುರಿದ ಕೂಡಲೇ ಕೂಗು ಬರುತ್ತದೆ. ಊರಿನ ಹೆಂಗಸರು ಯಾವ ಹೊತ್ತಾದರೂ ಇಳಿದು ಹೋಗಿ ಮೀನು ಸೀಳಿ, ಉಪ್ಪು ಹಾಕಿ, ಪೀಪಾಯಿಗೆ ತುಂಬಬೇಕು. ಅವರಲ್ಲೊಬ್ಬಳು ನಮ್ಮ ನಾಯಕಿ. ಗಂಡನಿಲ್ಲ. ಒಬ್ಬನೇ ಮಗ. ಮೀನು ಸೀಳಿಯೇ ಅವನನ್ನು ಓದಿಸುತ್ತಾಳೆ. ಅವನು ಅಂಚೆ ಕಚೇರಿಯಲ್ಲಿ ಗುಮಾಸ್ತನಾಗುತ್ತಾನೆ. ಆಮೇಲೆ ಅಮ್ಮನಿಗೆ ಹೇಳುತ್ತಾನೆ: ಇನ್ನು ಈ ಮೀನಿನ ಕೆಲಸ ಸಾಕು, ಕಿಟಕಿಯ ಹತ್ತಿರ ಕುಳಿತು ಹೆಣಿಗೆ ಹಾಕು.

ಇದರಲ್ಲಿ ಕೊಲೆ ಇಲ್ಲ, ಪ್ರೇಮವಿಲ್ಲ. ಪುಟದ ಮೇಲೆ ಪುಟ ಕೆಲಸ. ಚಾಕು ಹೇಗೆ ಹಿಡಿಯುವುದು, ಉಪ್ಪು ಎಷ್ಟು ಹಾಕುವುದು, ಪೀಪಾಯಿಯ ತಳದಲ್ಲಿ ಮೀನನ್ನು ಹೇಗೆ ಜೋಡಿಸುವುದು. ನೂರು ಪುಟ ದಾಟುವ ಹೊತ್ತಿಗೆ ನನಗೇ ಮೈಯೆಲ್ಲ ಉಪ್ಪುಪ್ಪು ಅನಿಸತೊಡಗಿತ್ತು. ಯಾರಾದರೂ ಇದನ್ನು ಓದುತ್ತಾರೆಯೇ?

ಕನ್ನಡ ಸರಾಗವಾಗಿದೆಯೋ ಇಲ್ಲವೋ ತಿಳಿಯಲು ಒಂದೇ ದಾರಿ, ಯಾರಿಗಾದರೂ ಓದಿ ಹೇಳುವುದು. ನಮ್ಮ ಮನೆಯವರಿಗೆ ಓದಿದೆ. ಎರಡನೇ ಪುಟಕ್ಕೆ ಗೊರಕೆ ಬಂತು. ಉಳಿದವಳು ನೀಲವ್ವ. ರೊಟ್ಟಿ ಬಡಿಯುವವಳು ಎದ್ದು ಹೋಗುವಂತಿಲ್ಲವಲ್ಲ.

ನೀಲವ್ವನ ಬಗ್ಗೆ ಒಂದೆರಡು ಮಾತು. ಐವತ್ತರ ಹತ್ತಿರದ ಹೆಂಗಸು. ಬೈಲಹೊಂಗಲದ ಅಂಚಿಗೆ, ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಮನೆ. ನನ್ನ ರೊಟ್ಟಿ ಹಂಚಿಗೆ ಹಾಕುವ ಮೊದಲೇ ನಾಲ್ಕು ಹೋಳಾಗುವುದನ್ನು ನೋಡಲಾರದೆ, ಹತ್ತು ವರ್ಷದ ಹಿಂದೆ ತಾನಾಗಿಯೇ ಬಂದು ಹಿಟ್ಟಿನ ಬುಟ್ಟಿ ಕಸಿದುಕೊಂಡವಳು. ಆದರೆ ಅವಳ ನಿಜವಾದ ಕೆಲಸ ರೊಟ್ಟಿಯದಲ್ಲ, ಕುಸುಬೆಯದು.

ಕುಸುಬೆ ಎಂಬ ಎಣ್ಣೆಕಾಳಿನ ಗಿಡಕ್ಕೆ ಮೈತುಂಬ ಮುಳ್ಳು. ಬಿಸಿಲೇರಿದರೆ ಆ ಮುಳ್ಳು ಮುಟ್ಟಗೊಡುವುದಿಲ್ಲ. ನಸುಕಿನ ಇಬ್ಬನಿಗೆ ಮೆತ್ತಗಾಗಿರುತ್ತದೆ, ಆಗಲೇ ಕೊಯ್ಯಬೇಕು. ಅದಕ್ಕೇ ಮಾಘ ಕಳೆಯುತ್ತಿದ್ದಂತೆ ನೀಲವ್ವ ಕತ್ತಲಿರುವಾಗಲೇ ಓಣಿಯಲ್ಲಿ ನಿಂತು ಹೆಂಗಸರನ್ನು ಕೂಗುತ್ತಾಳೆ. ಹನ್ನೆರಡು ಜನರ ಗುಂಪು. ಯಾರ ಹೊಲ ಮೊದಲು, ಯಾರದು ಆಮೇಲೆ, ಎಲ್ಲ ಅವಳದೇ ತೀರ್ಮಾನ. ಹೊಲದ ದಂಡೆಯಲ್ಲಿ ನಿಂತು ಒಂದು ಗಿಡದ ಮುಳ್ಳು ಮುಟ್ಟಿ "ಇಳೀರಿ" ಎಂದರೆ ಎಲ್ಲರೂ ಇಳಿಯಬೇಕು. "ಸಾಕು" ಎಂದರೆ ಹೊಲದ ಒಡೆಯನೇ ಅಡ್ಡ ಬಂದರೂ ಕುಡುಗೋಲು ಕೆಳಗೆ. ಬೇರೆ ದಿನ ಅವಳ ಓಣಿಗೆ ಕಾಲಿಡದ ದೊಡ್ಡ ಹೊಲದವರು ಸುಗ್ಗಿಯಲ್ಲಿ ಅವಳ ಕಟ್ಟೆಯ ಮೇಲೆ ಕುಳಿತು "ನೀಲವ್ವಾ, ನಮ್ಮ ಹೊಲಕ್ಕ ಯಾವಾಗ ಬರ್ತಿ?" ಎಂದು ಕೇಳುತ್ತಾರೆ. ನಮ್ಮ ಪ್ರಿನ್ಸಿಪಾಲರ ಮುಂದೆಯೂ ಜನ ಹಾಗೆ ಕುಳಿತದ್ದನ್ನು ನಾನು ಕಂಡಿಲ್ಲ.

ಮೊದಲ ದಿನ ಮೀನು ಎಂದ ಕೂಡಲೇ ನೀಲವ್ವ ಕೈಯಲ್ಲಿದ್ದ ಹಿಟ್ಟು ಬಿಟ್ಟು ಕುಳಿತಳು.

"ಮೀನೇನ್ರಿ ಅಕ್ಕಾರ? ಲಿಂಗ ಕಟ್ಕೊಂಡಾಕಿ ಮುಂದ ಮೀನಿನ ಕಥಿ ಓದತೀರಿ?"

"ತಿನ್ನು ಅನ್ನಾಕ ಹತ್ತಿಲ್ಲಲ್ಲ. ಕೇಳು ಅಂದೆ."

"ಬ್ಯಾರೆ ಏನೂ ಬೆಳಿಯಂಗಿಲ್ಲೇನು ಅಲ್ಲಿ? ಜ್ವಾಳಾ, ಗೋದಿ?"

"ಥಂಡಿ ಊರು. ಮಂಜು ಬೀಳ್ತೈತಿ."

"ಪಾಪ" ಎಂದು ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಆ ದೇಶದ ಸಮಸ್ತ ಜನತೆಗೆ ಕ್ಷಮೆ ಸಿಕ್ಕಿತು.

ಮೂರನೇ ದಿನಕ್ಕೆ ಕಥೆ ಅವಳನ್ನು ಹಿಡಿದುಕೊಂಡಿತು. ನಾಯಕಿಯ ಹೆಸರು ಅವಳ ಬಾಯಿಗೆ ಬರಲಿಲ್ಲ, ಮೀನದಾಕಿ ಎಂದು ಹೊಸ ಹೆಸರಿಟ್ಟಳು. ನನಗೆ ಬೇಸರ ತರಿಸಿದ ಪುಟಗಳೇ ಅವಳಿಗೆ ಬೇಕು. ಮೀನದಾಕಿಯ ಅತ್ತೆ ಸಾಯುವ ಅಧ್ಯಾಯವನ್ನು ನಾನು ಗದ್ಗದವಾಗಿ ಓದಿದರೆ "ಹೂಂ, ಮುಂದ" ಎನ್ನುತ್ತಿದ್ದಳು. ಪೀಪಾಯಿ ತುಂಬುವ ಪುಟ ಬಂದರೆ, "ಜರಾ ತಡೀರಿ, ತಳಕ್ಕ ಉಪ್ಪು ಮೊದಲೋ ಮೀನು ಮೊದಲೋ?" ಎಂದು ಬಡಿಯುವ ಕೈ ನಿಲ್ಲಿಸಿ ಕೇಳುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು. (ಕರಕು ರೊಟ್ಟಿಗೆ ನಮ್ಮ ಮನೆಯವರು ಇಡೀ ನಾರ್ವೆಯನ್ನು ಬೈದರು.)

ಹೀಗಿರುವಾಗ ಸಂಕ್ರಾಂತಿ ಮುಗಿದ ವಾರ ಮಾಂತೇಶ ಬಂದಿದ್ದ. ಬಹಳ ವಿನಯದಿಂದ.

"ಅಕ್ಕಾರ, ನೀವರೆ ನಮ್ಮವ್ವಗ ತಿಳಿಸಿ ಹೇಳ್ರಿ. ನನ್ನ ನೌಕರಿ ಕಾಯಂ ಆತು. ಸವದತ್ತಿ ಕಡೀದೊಂದು ಹೆಣ್ಣು ಗೊತ್ತಾಗಾಕ ಹತ್ತೈತಿ. ಹೊಲಾ ಮನಿ ಇದ್ದ ಮಂದಿ. ಮನಿ ನೋಡಾಕ ಬರ್ತೇವಿ ಅಂದಾರ. ಇನ್ನೂ ನಮ್ಮವ್ವ ಮಂದಿ ಹೊಲಕ್ಕ ಕುಸುಬಿ ಕೊಯ್ಯಾಕ ಹೋದ್ರ ಅವ್ರು ಏನಂದಾರು? ಈ ಸಂಬಂಧ ತಪ್ಪಿದ್ರ ನಾ ಮತ್ತ ಹೆಣ್ಣ ನೋಡಂಗಿಲ್ರಿ."

ಹುಡುಗಿಯನ್ನು ಅವನು ಮೊದಲೇ ನೋಡಿದ್ದ. ದಿನಾ ಅವನ ಬಸ್ಸಿಗೇ ಟೈಪಿಂಗ್ ಕ್ಲಾಸಿಗೆ ಬರುತ್ತಿದ್ದಳಂತೆ. ಇದನ್ನು ಹೇಳುವಾಗ ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಿದ್ದ. ನನಗೆ ಅವನ ಮೇಲೆ ಬಹಳ ಮಮತೆ ಬಂತು.

ಅವತ್ತು ಸಂಜೆ ನೀಲವ್ವನಿಗೆ ಒಂದು ಲೆಕ್ಚರ್ ಕೊಟ್ಟೆ. ಲೆಕ್ಚರ್ ಕೊಡುವುದಕ್ಕೇ ನಮಗೆ ಸಂಬಳ ಬರುತ್ತದೆ, ಅಭ್ಯಾಸ ತಪ್ಪುವುದಿಲ್ಲ. ಎಷ್ಟು ವರ್ಷ ದುಡಿದೆ, ಮುಳ್ಳು ಚುಚ್ಚಿಸಿಕೊಂಡೆ, ಈಗ ಮಗ ದುಡಿಯುತ್ತಾನೆ, ಆರಾಮಾಗಿ ಕುಂತು ಉಣ್ಣು. ನೀಲವ್ವ ರೊಟ್ಟಿ ತಿರುವಿ ಹಾಕುತ್ತ ಎಲ್ಲವನ್ನೂ ಕೇಳಿದಳು. "ಹೌದ್ರಿ" ಎಂದಳು. "ಈ ಸುಗ್ಗಿಗೆ ಹೋಗಂಗಿಲ್ಲ ಬಿಡ್ರಿ" ಎಂದಳು. ಒಬ್ಬ ಬಡ ಹೆಂಗಸಿಗೆ ವಿಶ್ರಾಂತಿ ಕೊಡಿಸಿದೆನೆಂದು ನನಗೆ ಒಳಗೊಳಗೇ ಹೆಮ್ಮೆ. ಅವಳು ಮಾತ್ರ ಅಂದಿನಿಂದ ಸ್ವಲ್ಪ ಮಂಕಾದಳು. ವಯಸ್ಸು ಎಂದುಕೊಂಡೆ. ನಾವು ಎಷ್ಟು ಬೇಗ ಎಲ್ಲದಕ್ಕೂ ಕಾರಣ ಹುಡುಕಿಬಿಡುತ್ತೇವೆ ನೋಡಿ.

ಕಾದಂಬರಿ ಮುಗಿಯಿತು. ಕೊನೆಯ ಅಧ್ಯಾಯದಲ್ಲಿ ದೋಣಿಗಳು ಬರುತ್ತವೆ, ಕೂಗು ಕೇಳುತ್ತದೆ. ಕಿಟಕಿಯ ಹತ್ತಿರ ಹೆಣಿಗೆ ಹಿಡಿದು ಕುಳಿತಿದ್ದ ನಾಯಕಿ ಎದ್ದು, ಬೆರಳುಗಳಿಗೆ ಬಟ್ಟೆ ಕಟ್ಟಿಕೊಂಡು, ದಂಡೆಗೆ ಇಳಿದು ಹೋಗುತ್ತಾಳೆ. ಅಷ್ಟೇ. ಇದೇನು ಅಂತ್ಯ? ಇಷ್ಟು ಪುಟ ಕಷ್ಟಪಟ್ಟವಳು ಕಡೆಗೂ ಅದೇ ಕೆಲಸಕ್ಕೆ? ದೊಡ್ಡ ಟ್ರ್ಯಾಜಿಡಿ ಇದು, ಲೇಖಕಿ ಸಂಕೋಚದವಳು, ಬಾಯಿಬಿಟ್ಟು ಹೇಳಿಲ್ಲ ಎಂದುಕೊಂಡು ಆಕೆಯ ಪರವಾಗಿ ನಾನೇ ಹೇಳಿದೆ. ನನ್ನ ಕೊನೆಯ ಸಾಲು ಹೀಗಿತ್ತು: "ನೊಂದ ಬೆರಳಿನ ಗಾಯಗಳಿಗೆ ಒಂದೊಂದಾಗಿ ಬಟ್ಟೆ ಸುತ್ತಿಕೊಂಡು, ಆ ಬಡಪಾಯಿ ಮತ್ತೆ ಅದೇ ಉಪ್ಪಿನ ನರಕಕ್ಕೆ ಇಳಿದಳು." ಜೊತೆಗೆ ಆರು ಪುಟದ ಮುನ್ನುಡಿ ಬರೆದೆ. ಅದರಲ್ಲಿ ಕಣ್ಣೀರು ಎಂಬ ಪದ ಹದಿನಾಲ್ಕು ಸಲ ಬಂದಿತ್ತು. ಒಂದು ಪ್ರತಿ ಇಟ್ಟುಕೊಂಡು ಎಲ್ಲವನ್ನೂ ಧಾರವಾಡಕ್ಕೆ ಕಳಿಸಿದೆ. ಮೇಷ್ಟ್ರು ಫೋನ್ ಮಾಡಿ, ಕೊನೆಯ ಸಾಲಿಗೆ ತಮಗೂ ಕಣ್ಣು ತುಂಬಿತು ಎಂದರು. ಹದಿನೈದು ಆಯಿತು.

ಮಾಂತೇಶ ಮುಖ ಗಂಟು ಹಾಕಿಕೊಂಡು ಬಂದನಲ್ಲ, ಅದರ ಹಿಂದಿನ ದಿನ ರವಿವಾರ. ಆ ಸಂಜೆ ಈ ಕೊನೆಯ ಅಧ್ಯಾಯವನ್ನು ನೀಲವ್ವನಿಗೆ ಓದಿದೆ. ಕಡೆಯ ಸಾಲಿಗೆ ಬೇಕೆಂದೇ ದನಿ ತಗ್ಗಿಸಿದೆ. ತಲೆಯೆತ್ತಿ ನೋಡಿದರೆ ನೀಲವ್ವನ ಕಣ್ಣಲ್ಲಿ ನೀರಿಲ್ಲ. ಹುಬ್ಬು ಗಂಟಾಗಿದೆ.

"ಗಾಯ ಎಲ್ಲಿಂದ ಬಂತ್ರಿ ಅಕ್ಕಾರ?"

"ಕೆಲಸ ಮಾಡಿ ಮಾಡಿ ಆಗಿತ್ತು."

"ಆಕಿ ಕೆಲಸ ಬಿಟ್ಟು ಆರ ತಿಂಗಳಾತು ಅಂತ ಮೊನ್ನಿ ಓದಿದ್ರಿ. ಆರ ತಿಂಗಳಾದ್ರೂ ಮಾಯಲಿಲ್ಲೇನು?"

ನಾನು ಹಿಂದಿನ ಹಾಳೆಗಳನ್ನು ತಿರುವತೊಡಗಿದೆ.

"ಗಾಯ ಅಂತ ಆ ಇಂಗ್ಲಿಷ್ ಬುಕ್ಕಿನ್ಯಾಗ ಬರದಾರೇನು?"

ಎದ್ದು ಹೋಗಿ ಪುಸ್ತಕ ತೆಗೆದು ನೋಡಿದೆ. ಬರೆದಿರಲಿಲ್ಲ. ಗಾಯವೂ ಇಲ್ಲ, ನೋವೂ ಇಲ್ಲ, ಬಡಪಾಯಿ ಇಲ್ಲ, ನರಕ ಮೊದಲೇ ಇಲ್ಲ. ಬೆರಳಿಗೆ ಬಟ್ಟೆ ಕಟ್ಟಿಕೊಂಡಳು ಅಂತಷ್ಟೇ ಇತ್ತು. ಉಳಿದದ್ದೆಲ್ಲ ನನ್ನ ಕೊಡುಗೆ. ಯಾಕೆಂದರೆ ನನ್ನ ಬೆರಳಿಗೆ ಬಟ್ಟೆ ಬಿದ್ದದ್ದು ಈಳಿಗೆ ತಾಗಿದಾಗ ಮಾತ್ರ. ಬಟ್ಟೆ ಎಂದರೆ ಗಾಯ. ನನ್ನ ಬುದ್ಧಿ ಅದರಾಚೆ ಹೋಗಲಿಲ್ಲ.

ನೀಲವ್ವ ಹಿಟ್ಟಿನ ಕೈ ತೊಳೆದುಕೊಂಡು, ಒಲೆಯ ಪಕ್ಕದ ಹಳೆಯ ಅರಿವೆ ಎತ್ತಿ ಉದ್ದಕ್ಕೆ ಹರಿದಳು. ಹೆಬ್ಬೆರಳಿನಿಂದ ಶುರು ಮಾಡಿ, ಒಂದೊಂದೇ ಬೆರಳಿಗೆ ಸುತ್ತಿ, ಕಡೆಗೆ ಮಣಿಕಟ್ಟಿನ ಹತ್ತಿರ ಹಲ್ಲಿನಿಂದ ಎಳೆದು ಗಂಟು ಬಿಗಿದಳು. ಒಂದು ನಿಮಿಷವೂ ಹಿಡಿಯಲಿಲ್ಲ. ಕೈಯನ್ನು ನನ್ನ ಮುಂದೆ ಹಿಡಿದಳು.

"ನಾವು ಕುಸುಬಿಗೆ ಹೋಗಬೇಕಾದ್ರ ಹಿಂಗ ಕಟ್ಕೋತೇವ್ರಿ. ಗಾಯ ಆದಮ್ಯಾಲಲ್ಲ, ಆಗಬಾರ್ದಂತ. ಮೀನದಾಕಿನೂ ಅದನ್ನ ಮಾಡ್ಯಾಳ. ಕೆಲಸಕ್ಕ ತಯಾರಾಗ್ಯಾಳ ಆಕಿ. ನೀವ್ಯಾಕ ಆಕೀನ್ನ ಅಳಸಾಕ ಹತ್ತೀರಿ?"

"ಅಲ್ಲ ನೀಲವ್ವಾ, ಮಗ ಬ್ಯಾಡ ಅಂದಿದ್ದಾ. ಆರಾಮ ಇದ್ಲು..."

"ಆರಾಮ ಎಲ್ಲಿತ್ರಿ? ಕಿಡಕಿ ಕಡೆ ಕುಂತು ದಾರಿ ನೋಡಾಕ ಹತ್ತಿದ್ಲು. ದೋಣಿ ಬಂದ್ರ ಎಲ್ಲಾರೂ ಓಡ್ತಾರ, ಈಕಿನ್ನ ಯಾರೂ ಕರಿಯಂಗಿಲ್ಲ. ಅದರಕಿಂತ ತ್ರಾಸ ಯಾವುದೈತಿ?" ಬಟ್ಟೆ ಬಿಚ್ಚುತ್ತ ಹೇಳಿದಳು, "ಕಡೀಕ ಇಳದು ಹೋದ್ಲಲ್ಲ, ಚಲೋ ಆತು. ಭಾಳ ಚಲೋ ಕಥಿ."

ನನಗೆ ನಾಚಿಕೆಯಾಯಿತು. ಮೀನದಾಕಿಯ ವಿಷಯಕ್ಕಲ್ಲ. ಸಂಕ್ರಾಂತಿಯ ವಾರ ನಾನು ಕೊಟ್ಟ ಲೆಕ್ಚರಿಗೆ.

ಮರುದಿನ ನಸುಕಿನಲ್ಲಿ ಓಣಿಯಲ್ಲಿ ಕೂಗು ಕೇಳಿಸಿತು. "ಕಾಶವ್ವಾ, ಎದ್ದಿಯೇನ? ದ್ಯಾಮವ್ವಾ, ನಡಿ ನಡಿ, ಇಬ್ಬನಿ ಆರತೈತಿ." ಹೊದಿಕೆಯೊಳಗೇ ನನಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಹೆದರಿಕೆ ಯಾಕೆಂದು ಆರು ಗಂಟೆಗೆ ಕಂಡಕ್ಟರ್ ಬಂದಾಗ ಗೊತ್ತಾಯಿತು.

ಸಂಜೆ ತಾಯಿ ಮಗ ಇಬ್ಬರೂ ನಮ್ಮ ಅಡಿಗೆಮನೆಯಲ್ಲಿ. ಮಾಂತೇಶ ಬಾಗಿಲಿಗೆ ಒರಗಿ ನಿಂತು ತನ್ನದೇ ಮಾತು ಹೇಳಿದ. ಸಂಬಂಧ ತಪ್ಪುತ್ತದೆ, ನಾಲ್ಕು ಮಂದಿ ನಗುತ್ತಾರೆ, ನಿನಗೇನು ಕಡಿಮೆ ಮಾಡಿದ್ದೇನೆ. ನೀಲವ್ವ ಹಿಟ್ಟು ನಾದುತ್ತಲೇ ಇದ್ದಳು. ಕಡೆಗೆ ಕೈ ಚಾಚಿದಳು.

"ಮಾಂತಾ, ಆ ಸೀಟಿ ಕೊಡಿಲ್ಲೆ."

"ಯಾಕಬೇ?"

"ಕೊಡು. ನಾಳಿಯಿಂದ ನೀ ಮನ್ಯಾಗ ಕುಂದರು. ರೊಟ್ಟಿ ಬಡದ ನಿನ್ನ ನಾ ಸಾಕತೇನಿ. ಬರೋಬ್ಬರಿ ಮೂರ ಹೊತ್ತು ಹಾಕತೇನಿ. ಕೊಡತಿ?"

ಅವನ ಕೈ ತಾನಾಗಿಯೇ ಹೋಗಿ ಸೀಟಿಯನ್ನು ಮುಚ್ಚಿಕೊಂಡಿತು. ನೋಡಿದ ನಾನು ನಕ್ಕೆ. ಅವನಿಗೆ ಸಿಟ್ಟೂ ಬಂತು, ನಗುವೂ ಬಂತು. ಕಡೆಗೆ ಒಂದು ಒಪ್ಪಂದವಾಯಿತು. ಈ ಸುಗ್ಗಿಗೆ ಹೋಗಲಿ, ಆದರೆ ಬರುವ ರವಿವಾರ ಬೀಗರು ಬರುವಾಗ ಮಾತ್ರ ಹೋಗಬಾರದು.

"ರವಿವಾರ ಪಡೆಪ್ಪಗೌಡ್ರ ಹೊಲ ಐತಿ. ಮಾತ ಕೊಟ್ಟೇನಿ. ಒಂದ ದಿನ ತಡಾದ್ರ ಕಾಳ ಉದರತಾವು" ಎಂದಳು ನೀಲವ್ವ. "ಅವ್ರು ಬರೂದು ಹತ್ತಕ್ಕ. ನಾ ಒಂಬತ್ತಕ್ಕ ಮನ್ಯಾಗಿರತೇನಿ. ಅಕ್ಕಾರ, ನೀವೂ ಬರ್ರಿ ಚಾ ಮಾಡಾಕ."

ಯಾವ ಬೀಗರು ಹೇಳಿದ ಹೊತ್ತಿಗೆ ಬಂದಿದ್ದಾರೆ? ರವಿವಾರ ಎಂಟೂವರೆಗೇ ಬಂದರು. ಮುರಗೋಡದ ತನಕ ಯಾರದೋ ಟ್ರ್ಯಾಕ್ಟರ್ ಸಿಕ್ಕಿತಂತೆ. ಹುಡುಗಿಯ ಅಪ್ಪ, ಅವ್ವ, ಜರಿ ರುಮಾಲಿನ ಸೋದರಮಾವ. ಹುಡುಗಿಯ ಅಪ್ಪ ಗೋಡೆಗೊರಗಿ ಕುಳಿತ ಕೂಡಲೇ ಕೇಳಿದರು, "ನಿಮ್ಮ ತಾಯಾರು ಕಾಣವಲ್ರಲ್ಲ?"

"ಗುಡಿಗೆ ಹೋಗ್ಯಾಳ್ರಿ" ಎಂದ ಮಾಂತೇಶ. ಹೇಳಿ ನನ್ನ ಕಡೆ ನೋಡಿದ.

ನಾನೇನು ಮಾಡಿದೆ? ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಸತ್ಯ ಹೇಳಿ ಎಂದು ಪಾಠ ಮಾಡುತ್ತಿರುವ ನಾನು "ಹೌದ್ರಿ, ರವಿವಾರಕ್ಕೊಮ್ಮಿ ಹೋಗ್ತಾಳ" ಎಂದೆ. ಚಹಾದ ನೆಪ ಮಾಡಿ ಒಳಗೆ ಹೋದೆ. ಹಾಕಿದ್ದು ಮರೆತು ಸಕ್ಕರೆ ಎರಡು ಸಲ ಹಾಕಿದೆ. ಸೀಟಿ ಕಸಿಯುವ ಆಟಕ್ಕೆ ನಕ್ಕವಳು ನಾನೇ ಅಲ್ಲವೇ? ಈ ಹುಡುಗನ ಮದುವೆ ನನ್ನ ಪುಸ್ತಕದಿಂದ ಕೆಟ್ಟರೆ ಯಾವ ಮುಖ ಹೊತ್ತು ಅವನ ಬಸ್ಸು ಹತ್ತಲಿ?

ಚಹಾ ತಂದು ಇಡುವುದಕ್ಕೂ ನೀಲವ್ವ ಬಾಗಿಲಲ್ಲಿ ಕಾಣುವುದಕ್ಕೂ ಸರಿಹೋಯಿತು. ಸೀರೆ ಮೇಲೆ ಕಟ್ಟಿದ್ದಾಳೆ, ಮೈಮೇಲೆ ಹೊಟ್ಟು, ಎರಡೂ ಕೈಗೆ ಬೆರಳಿಂದ ಮಣಿಕಟ್ಟಿನ ತನಕ ಬಟ್ಟೆ. ಯಾವ ಗುಡಿಗೂ ಹಾಗೆ ಯಾರೂ ಹೋಗುವುದಿಲ್ಲ. ಬೀಗರನ್ನು ಕಂಡು ಒಂದು ಕ್ಷಣ ನಿಂತಳು. ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ ಎಂದುಕೊಂಡೆ. ಎಳೆದುಕೊಳ್ಳಲಿಲ್ಲ. ಆ ಬಟ್ಟೆಯ ಕೈಗಳನ್ನೇ ಜೋಡಿಸಿ "ಶರಣ್ರಿ" ಎಂದಳು.

ಸೋದರಮಾವ ರುಮಾಲು ಸರಿಮಾಡಿಕೊಂಡ. ಮಾಂತೇಶ ನೆಲ ನೋಡುತ್ತಿದ್ದ.

ಎದ್ದವಳು ಹುಡುಗಿಯ ಅವ್ವ. ಬಾಗಿಲ ತನಕ ನಡೆದು ಹೋಗಿ, ನೀಲವ್ವನ ಬಲಗೈ ಹಿಡಿದು, ತಿರುವಿ ತಿರುವಿ ನೋಡಿದಳು. ಅಂಗಡಿಯಲ್ಲಿ ಖಣ ನೋಡುವಾಗ ಮಾಡುತ್ತಾರಲ್ಲ, ಹಾಗೆ ಬಟ್ಟೆಯನ್ನು ಹೆಬ್ಬೆರಳಿಂದ ಉಜ್ಜಿದಳು.

"ಇದ್ಯಾವ ಅರಿವಿರಿ ಯಕ್ಕಾ? ನಾವು ಹಳೇ ಸೀರಿ ಕಟ್ಕೋತೇವಿ. ಮುಳ್ಳು ಪಾರ ಆಗಿ ಬರತಾವು."

"ಖಾಕಿರಿ" ಎಂದಳು ನೀಲವ್ವ. "ಮಗಾ ನವಿಲುತೀರ್ಥದ ಡ್ಯಾಮಿನ್ಯಾಗ ವಾಚಮನ್ ಇದ್ದಾಗಿಂದು ಒಂದ ಪ್ಯಾಂಟ್ ಇತ್ತು. ಎರಡ ಸುಗ್ಗಿ ಬರತೈತಿ ನೋಡ್ರಿ."

ಮಾಂತೇಶ ತಲೆಯೆತ್ತಿದ. ತನ್ನ ಪ್ಯಾಂಟಿನ ಗತಿ ಅವನಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

"ನೀವೂ ಹೊಲಕ್ಕ ಇಳೀತೀರೇನ್ರಿ?" ನೀಲವ್ವ ಕೇಳಿದಳು.

"ಇಳೀದ ಏನ ಮಾಡೂದ್ರಿ? ನಮ್ಮದ ಹೊಲಾ ಆದ್ರ ಮುಳ್ಳು ಗುರ್ತ ಹಿಡೀತಾವೇನು?" ಹುಡುಗಿಯ ಅವ್ವ ನಕ್ಕು ಮಾಂತೇಶನ ಕಡೆ ತಿರುಗಿದಳು. "ತಮ್ಮಾ, ಇನ್ನೊಂದ ಪ್ಯಾಂಟ್ ಐತೇನ್ರಿ?"

ಮೊದಲು ನಕ್ಕವನು ರುಮಾಲಿನ ಸೋದರಮಾವ. ಆಮೇಲೆ ಎಲ್ಲರೂ. ಹುಡುಗಿಯ ಅಪ್ಪ ಮಾತ್ರ ಚಹಾ ಕುಡಿಯುತ್ತ ನನ್ನನ್ನು ನೋಡಿ ಮೆಲ್ಲಗೆ ಕೇಳಿದರು, "ಗುಡಿ ಯಾ ದಿಕ್ಕಿಗೆ ಐತ್ರಿ ಅಕ್ಕಾರ?" ನಾನು ಸಕ್ಕರೆ ಹೆಚ್ಚಾಯಿತೇನೋ ಎಂದು ವಿಚಾರಿಸಿದೆ. ಬೀಗತಿಯರು ಇಬ್ಬರೂ ಆಗಲೇ ಕಟ್ಟೆಯ ಮೇಲೆ ಕುಳಿತು ಕಾಲಿಗೆ ಗೋಣಿ ಕಟ್ಟಬೇಕೋ ಬೇಡವೋ ಎಂಬ ಚರ್ಚೆಯಲ್ಲಿದ್ದರು. ಮದುವೆ ಯುಗಾದಿ ಮುಗಿದ ಮೇಲೆ. ಕುಸುಬೆ ಮುಗಿಯಲಿ ಎಂದು ಎರಡೂ ಕಡೆಯ ಹೆಂಗಸರು ಕೂಡಿ ಗೊತ್ತು ಮಾಡಿದರು.

ಮನೆಗೆ ಬಂದವಳೇ ಕೊನೆಯ ಪುಟ ತೆಗೆದು ಕುಳಿತೆ. ಮುನ್ನುಡಿಯ ಆರು ಪುಟ ಹರಿದುಹಾಕಿದೆ. (ಬೇಸರವಾಗಲಿಲ್ಲ ಎಂದರೆ ಸುಳ್ಳು. ಆ ದಿನಕ್ಕೆ ಒಂದು ಸುಳ್ಳು ಸಾಕಾಗಿತ್ತು.) ಕೊನೆಯ ಸಾಲು ಹೊಸದಾಗಿ ಬರೆದೆ: "ಬೆರಳುಗಳಿಗೆ ಒಂದೊಂದಾಗಿ ಬಟ್ಟೆ ಕಟ್ಟಿಕೊಂಡು, ಉಳಿದವರಿದ್ದಲ್ಲಿಗೆ ಇಳಿದು ಹೋದಳು." ಧಾರವಾಡಕ್ಕೆ ಕಳಿಸಿದೆ.

ನಿನ್ನೆ ಬೆಳಿಗ್ಗೆ ಏಳಕ್ಕೆ ಮೇಷ್ಟ್ರ ಫೋನ್ ಬಂತು.

"ಕೊನೀ ಸಾಲು ಭಾಳ ಸಪ್ಪಗಾತಲ್ರೀ. ಮೊದಲಿಂದು ಓದಿ ನನ್ನ ಕಣ್ಣಾಗ ನೀರು ಬಂದಿತ್ತು."

"ಆ ನೀರು ನಾ ಹಾಕಿದ್ದು ಸರ್. ಪುಸ್ತಕದಾಗ ಇರಲಿಲ್ಲ."

ಮೇಷ್ಟ್ರು ಬಿಡದೆ ಕೇಳಿದರು, "ಹಂಗಾರ ಇಷ್ಟೆಲ್ಲಾ ಮಾಡಿ ಕಡೀಕ ಆಕಿಗೆ ಸಿಕ್ಕಿದ್ದಾದ್ರೂ ಏನು?"

ಕಿಟಕಿಯಾಚೆ ನೋಡಿದೆ. ಓಣಿ ಖಾಲಿ ಇತ್ತು. ನೀಲವ್ವನ ಬಾಗಿಲಿಗೆ ಚಿಲಕ ಹಾಕಿತ್ತು. ಬಿಸಿಲು ಇನ್ನೂ ಏರಿರಲಿಲ್ಲ.

"ಕೇಳಿ ಹೇಳ್ತೇನ್ರಿ ಸರ್" ಎಂದೆ. "ಆಕಿ ಇನ್ನೂ ಕೆಲಸದಿಂದ ಬಂದಿಲ್ಲ."